ಮುರಕಲ್ಲಿನ ಹಳೆ ಕೊಪೆಲ್‌ಗೆ ಮತ್ತೆ ಸುಣ್ಣದ ಗಾರೆ ಹಾಕುವ ಕ್ರಮ

ದಕ್ಷಿಣ ಕನ್ನಡದ ಹಳ್ಳಿಗಳಲ್ಲಿ ಉಳಿದಿರುವ ಹಳೆಯ ಪುಟ್ಟ ಕೊಪೆಲ್‌ಗಳ (ಕ್ರೈಸ್ತರ ಕಿರು ಪ್ರಾರ್ಥನಾ ಮಂದಿರಗಳ) ರಚನೆ ಸರಳ: ದಪ್ಪ ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಗೋಡೆ, ಸುಣ್ಣದ ಗಾರೆ, ಪಕ್ಕಾಸು-ರೀಪಿನ (ಚಾವಣಿಯ ಮರದ ತೊಲೆ-ಪಟ್ಟಿಗಳ) ಮೇಲೆ ಮಂಗಳೂರು ಹಂಚು. ಇವುಗಳನ್ನು ಮಳೆಗಿಂತ ಹೆಚ್ಚು ಕೆಡಿಸಿರುವುದು ಸಿಮೆಂಟು. ಮುರಕಲ್ಲಿನ ತುಂಬ ತೂತು. ನೆಲದ ತೇವವನ್ನು ಹೀರುತ್ತದೆ, ಬಿಸಿಲಿಗೆ ಬಿಟ್ಟುಕೊಡುತ್ತದೆ. ಅದಕ್ಕೆ ಸಿಮೆಂಟು ಮೆತ್ತಿ ಎಮಲ್ಷನ್ ಪೇಂಟ್ ಬಳಿದರೆ ತೇವಕ್ಕೆ ಹೊರದಾರಿ ಮುಚ್ಚುತ್ತದೆ, ಉಪ್ಪು ಗಾರೆಯ ಹಿಂದೆಯೇ ಹರಳುಗಟ್ಟಿ ಕಲ್ಲನ್ನು ಪುಡಿ ಮಾಡುತ್ತದೆ. ಬೆರಳ ಗೆಣ್ಣಿನಿಂದ ಗೋಡೆ ತಟ್ಟಿ ನೋಡಿ. ಟೊಳ್ಳು ಸದ್ದು ಬಂದ ಕಡೆ ಗಾರೆ ಕಲ್ಲನ್ನು ಬಿಟ್ಟಿದೆ. ಕಿತ್ತರೆ ಅನೇಕ ಸಲ ಕೆಂಪು ಪುಡಿಯೇ ಸುರಿಯುತ್ತದೆ.

ಗೋಡೆಗೆ ಕೈ ಹಾಕುವ ಮೊದಲು ಮಾಡು (ಚಾವಣಿ) ಮತ್ತು ಅಂಗಳ ಸರಿಪಡಿಸಿ. ಒಡೆದ ಹಂಚು ಬದಲಿಸಿ. ಚದರ ಮೀಟರಿಗೆ ಸುಮಾರು 15 ಹಂಚು ಬೇಕು. ಹಂಚಿನ ಮೇಲೆ ಬಾಸೆಲ್ ಮಿಷನ್ ಮುದ್ರೆ, 1865 ಎಂಬ ಇಸವಿ ಕಂಡರೆ ಕೊಪೆಲ್ ಅಷ್ಟು ಹಳೆಯದೆಂದು ಫಲಕ ಬರೆಸಬೇಡಿ. ಅದು ಆ ಮಿಷನ್‌ನವರ ಹಂಚಿನ ಕಾರ್ಖಾನೆ ಶುರುವಾದ ವರ್ಷ. ಆದರೆ ಅಂಥ ಹಂಚನ್ನು ಎಸೆಯಲೂ ಬೇಡಿ, ಅದೇ ಮಾಡಿಗೆ ಮರಳಿ ಹೊದಿಸಿ. ಅಂಗಳಕ್ಕೆ ಇಂಟರ್‌ಲಾಕ್ (ಸಿಮೆಂಟು ಬಿಲ್ಲೆ) ಹಾಸಿ ಎತ್ತರಿಸಿದ್ದರೆ ಗೋಡೆಯ ಸುತ್ತ ಎರಡಡಿ ಅಗಲ ಕಿತ್ತು, ಮಣ್ಣನ್ನು ಒಳನೆಲಕ್ಕಿಂತ ಕನಿಷ್ಠ 15 ಸೆಂ.ಮೀ. ತಗ್ಗಿಸಿ. ಇದನ್ನು ಬಿಟ್ಟು ಗಾರೆ ಎಷ್ಟು ಚೆನ್ನಾಗಿ ಹಾಕಿದರೂ ಬುಡದಲ್ಲಿ ಮತ್ತೆ ಉದುರುತ್ತದೆ.

ಮಳೆ ಪೂರ್ತಿ ನಿಂತ ಮೇಲೆ, ನವೆಂಬರ್‌ನಿಂದ ಫೆಬ್ರವರಿಯೊಳಗೆ ಕೆಲಸ ಮುಗಿಸಬೇಕು. ಸಿಮೆಂಟನ್ನು ಚಪ್ಪಟೆ ಉಳಿ, ಸಣ್ಣ ಸುತ್ತಿಗೆಯಿಂದ ಓರೆಯಾಗಿ ಎಬ್ಬಿಸಿ; ಬ್ರೇಕರ್ ಮೆಷಿನ್ ಮುರಕಲ್ಲಿನ ಅಂಚು ಒಡೆಯುತ್ತದೆ. ಒಳಗೋಡೆಯಲ್ಲಿ, ಅದರಲ್ಲೂ ಬಲಿಪೀಠದ ಹಿಂದೆ, ಆತುರ ಬೇಡ. ಅಂಗೈಯಗಲದ ಜಾಗದಲ್ಲಿ ಬ್ಲೇಡಿನಿಂದ ಸುಣ್ಣದ ಪದರಗಳನ್ನು ಒಂದೊಂದಾಗಿ ಬಿಡಿಸಿ. ನೀಲಿ ಪಟ್ಟಿಯೋ ಹೂಬಳ್ಳಿಯೋ ಕಂಡರೆ ಅಲ್ಲಿಗೇ ನಿಲ್ಲಿಸಿ, ಸಂರಕ್ಷಣೆಯ ತಜ್ಞರನ್ನು ಕರೆಸಿ.

ಕಲ್ಲಿನ ಸಂದಿಗಳನ್ನು 20-25 ಮಿ.ಮೀ. ಆಳ ಕೆರೆದು ಬ್ರಷ್‌ನಿಂದ ಪುಡಿ ತೆಗೆಯಿರಿ. ಗೋಡೆಯನ್ನು ಕೆಲವು ವಾರ ಹಾಗೇ ಒಣಗಲು ಬಿಟ್ಟರೆ ಒಳ್ಳೆಯದು.

ಈ ಕೆಲಸದ ಜೀವ ಸುಣ್ಣದಲ್ಲಿದೆ. ಚಿಪ್ಪಿನ ಸುಟ್ಟ ಸುಣ್ಣ ಸಿಕ್ಕರೆ ಅದೇ ಇರಲಿ. ತೊಟ್ಟಿಯಲ್ಲಿ ಮೊದಲು ನೀರು, ಆಮೇಲೆ ಸುಣ್ಣ. ಇದನ್ನು ತಿರುಗುಮುರುಗು ಮಾಡಿದರೆ ಕುದಿದು ಸಿಡಿಯುತ್ತದೆ. ಕನ್ನಡಕ, ಕೈಗವಸು ಇಲ್ಲದೆ ಹತ್ತಿರ ಹೋಗಬೇಡಿ. ಅರಳಿದ ಸುಣ್ಣವನ್ನು ಸೋಸಿ, ಮೇಲೆ ಎರಡಿಂಚು ನೀರು ನಿಲ್ಲಿಸಿ ಕನಿಷ್ಠ ಮೂರು ವಾರ, ಸಾಧ್ಯವಾದರೆ ಮೂರು ತಿಂಗಳು ಇಡಿ. ಅರಳದ ಕಾಳು ಉಳಿದರೆ ಗೋಡೆಯಲ್ಲಿ ಅರಳಿ ಗಾರೆಗೆ ಗುಳಿ ಬೀಳಿಸುತ್ತದೆ.

ಒಳಪದರಕ್ಕೆ ಒಂದು ಪಾಲು ಸುಣ್ಣದ ಮುದ್ದೆಗೆ ಮೂರು ಪಾಲು ಒರಟು ಹೊಳೆ ಮರಳು. ಕಡಲ ಮರಳು ಬೇಡವೇ ಬೇಡ, ಉಪ್ಪನ್ನು ನಾವೇ ತಂದು ತುಂಬಿದಂತಾಗುತ್ತದೆ. ನೀರು ಹೆಚ್ಚು ಸೇರಿಸದೆ ಒನಕೆಯಿಂದ ಕುಟ್ಟಿ ಹದ ಮಾಡಿ. ಗೋಡೆ ಒದ್ದೆ ಮಾಡಿ 10 ಮಿ.ಮೀ. ಮೀರದಂತೆ ಎರಚಿ ಒತ್ತಿ, ಮೈ ಗೀರಿ ಬಿಡಿ. ಎರಡನೇ ಪದರ ಒಂದು ವಾರ, ಹತ್ತು ದಿನದ ನಂತರ. ಕೊನೆಯ ತೆಳು ಪದರಕ್ಕೆ ಜರಡಿ ಹಿಡಿದ ಮರಳು, ಒಂದಕ್ಕೆ ಎರಡು. ಪ್ರತಿ ಪದರಕ್ಕೂ ಒದ್ದೆ ಗೋಣಿ ತೂಗುಬಿಟ್ಟು ನಾಲ್ಕೈದು ದಿನ ತಂಪು ಕಾಯಿರಿ. ಬಿಸಿಲಿಗೆ ಬೇಗ ಒಣಗಿದರೆ ಕೂದಲೆಳೆ ಬಿರುಕು ಗ್ಯಾರಂಟಿ. ಬೇಗ ಗಟ್ಟಿಯಾಗಲೆಂದು ಮೇಸ್ತ್ರಿ ಒಂದು ಕರಣೆ ಸಿಮೆಂಟು ಬೆರೆಸಲು ಹೊರಟರೆ ಅಲ್ಲೇ ತಡೆಯಿರಿ.

ಬಣ್ಣಕ್ಕೆ ಹಾಲಿನಷ್ಟು ತೆಳ್ಳಗಿನ ಸುಣ್ಣವೇ ಸಾಕು, ಐದಾರು ಸಲ, ದಿನಕ್ಕೊಂದು ಕೈ. ಮೊದಲ ವರ್ಷ ಬುಡದಲ್ಲಿ ಬಿಳಿ ಉಪ್ಪು ಏಳುವುದುಂಟು. ನೀರಿನಿಂದ ತೊಳೆದರೆ ಅದು ಕರಗಿ ಮತ್ತೆ ಗೋಡೆಗೇ ಇಳಿಯುತ್ತದೆ; ಒಣ ಬ್ರಷ್‌ನಿಂದ ಗುಡಿಸಿ ದೂರ ಚೆಲ್ಲಿ.