ಕ್ಲೋಸಪ್ ಇಲ್ಲದೆ ಅಮ್ಮನನ್ನು ತೋರಿಸಿದ್ದು

ಆಸ್ತಿ ಪಾಲಿನ ಸೀನನ್ನು ಎರಡೂವರೆ ನಿಮಿಷದ ಒಂದೇ ಶಾಟಿನಲ್ಲಿ ಮುಗಿಸುತ್ತೇನೆ, ಕ್ಯಾಮೆರಾ ಅಲುಗೋದಿಲ್ಲ ಅಂದಾಗ ನಮ್ಮ ಎಡಿಟರ್ ನಕ್ಕ. "ಅಷ್ಟು ದೂರ ನಿಂತಿರೋ ಅಮ್ಮನನ್ನ ಯಾರು ನೋಡ್ತಾರೆ? ಸೇಫ್ಟಿಗೆ ಒಂದು ಕ್ಲೋಸಪ್ ತೆಗೆದಿಟ್ಕೋ" ಅಂದ. ತೆಗೆಯಲಿಲ್ಲ. ಈಗ ನನ್ನ ಕಿರುಚಿತ್ರ ನೋಡಿದವರು ಕೇಳೋದೇ ಆ ಶಾಟಿನ ಬಗ್ಗೆ.

ಸೀನು ಇಷ್ಟೇ. ತೀರ್ಥಹಳ್ಳಿ ಕಡೆಯ ಒಂದು ತೊಟ್ಟಿ ಮನೆ. ಈಚೆ ಪಡಸಾಲೆಯಲ್ಲಿ ಅಣ್ಣ ತಮ್ಮ ಎದುರುಬದುರು ಕೂತಿದ್ದಾರೆ, ನಡುವೆ ಪಾಲುಪತ್ರ. ಇಬ್ಬರ ನಡುವಿನ ಸಂದಿಯಲ್ಲಿ, ತೊಟ್ಟಿಯ ಆಚೆ, ಅಡುಗೆಮನೆ ಬಾಗಿಲಲ್ಲಿ ಅಮ್ಮ. ಅವಳನ್ನು ಯಾರೂ ಏನೂ ಕೇಳೋದಿಲ್ಲ. ಅಣ್ಣ ಸಹಿ ಹಾಕಲು ಬಾಗಿದಾಗ ಅವನ ತಲೆ ಅವಳನ್ನು ಮುಚ್ಚುತ್ತದೆ. ನೆಟ್ಟಗೆ ಕೂತಾಗ ಬಾಗಿಲು ಖಾಲಿ.

ಐಡಿಯಾ ಹೊಸದೇನಲ್ಲ. 1941ರ ಹಾಲಿವುಡ್ ಚಿತ್ರ 'ಸಿಟಿಜನ್ ಕೇನ್'ನಲ್ಲಿ ತಾಯಿ ಮುಂದೆ ಕೂತು ಸಹಿ ಹಾಕುತ್ತಾಳೆ, ಹಿಂದೆ ಕಿಟಕಿಯಾಚೆ ಹುಡುಗ ಹಿಮದಲ್ಲಿ ಆಡುತ್ತಿರುತ್ತಾನೆ. ಕ್ಯಾಮೆರಾಮನ್ ಗ್ರೆಗ್ ಟೋಲೆಂಡ್ ಎರಡನ್ನೂ ಸ್ಪಷ್ಟವಾಗಿ ಹಿಡಿದಿದ್ದಾನೆ. ನಾನು ಅದನ್ನು ತಿರುಗಿಸಿದೆ. ಮಕ್ಕಳು ಮುಂದೆ, ತಾಯಿ ಹಿಂದೆ.

ಮೊದಲ ದಿನ ಪೂರ್ತಿ ದಂಡ. ಬಾಡಿಗೆಗೆ ತಂದ ಫಾಸ್ಟ್ ಲೆನ್ಸ್ (ಹೆಚ್ಚು ಬೆಳಕು ಒಳಗೆ ಬಿಡುವಂಥದ್ದು) ಅಂತ ಕ್ಯಾಮೆರಾಮನ್ ಎಫ್ 2ರಲ್ಲೇ, ಅಂದರೆ ಲೆನ್ಸಿನ ಕಿಂಡಿ ಅಗಲ ತೆರೆದೇ, ಇಟ್ಟಿದ್ದ. ಹಾಗಿಟ್ಟರೆ ಸ್ವಲ್ಪ ದೂರದಷ್ಟೇ ಸ್ಪಷ್ಟ. ಅಣ್ಣ ತಮ್ಮ ಚೆನ್ನಾಗಿ ಬಂದರು, ಅಮ್ಮ ಬರೀ ಮಸುಕು. ಮನೆ ಬಾಡಿಗೆ ಸುಮಾರು ಆರು ಸಾವಿರ, ಕ್ಯಾಮೆರಾ ಲೆನ್ಸ್ ನಾಲ್ಕು, ಊಟ ತಿಂಡಿ ಎರಡು. ಎಲ್ಲಾ ಹೋಯ್ತು. ಆಮೇಲೆ ಎಪಿಎಸ್-ಸಿ (ಫುಲ್ ಫ್ರೇಮ್‌ಗಿಂತ ಸಣ್ಣ ಸೆನ್ಸರಿನ) ಕ್ಯಾಮೆರಾಗೆ 18 ಎಂಎಂನ ಅಗಲ ನೋಟದ ಲೆನ್ಸ್ ಹಾಕಿ, ಕಿಂಡಿ ಕಿರಿದು ಮಾಡಿ ಎಫ್ 8ಕ್ಕೆ ಇಳಿಸಿದೆ. ಫೋಕಸ್ ಏಳು ಅಡಿಗೆ ಇಟ್ಟರೆ ಹೆಚ್ಚುಕಮ್ಮಿ ಮೂರೂವರೆ ಅಡಿಯಿಂದ ಆಚೆಗೆ ಎಲ್ಲವೂ ಸ್ಪಷ್ಟ. ಆದರೆ ಎಫ್ 2ಕ್ಕಿಂತ ಹದಿನಾರು ಪಟ್ಟು ಬೆಳಕು ಬೇಕಲ್ಲ! ಐಎಸ್ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 1600 ಮಾಡಿ, ಪಡಸಾಲೆಗೆ ಎರಡು ಎಲ್ಇಡಿ ತರಿಸಿದೆ. ಇಡೀ ಚಿತ್ರಕ್ಕೆ ಎಂಬತ್ತು ಎಂಬತ್ತೈದು ಸಾವಿರ ಆಗಿರಬಹುದು. ಅದರಲ್ಲಿ ಮೂವತ್ತರ ಹತ್ತಿರ ಈ ಒಂದು ಶಾಟೇ ತಿಂದಿತು.

ಆಮೇಲೆ ತೊಟ್ಟಿ ಕಾಟ ಕೊಟ್ಟಿತು. ಮಧ್ಯಾಹ್ನದ ಬಿಸಿಲು ನೇರ ನೆಲಕ್ಕೆ ಬಿದ್ದರೆ ಫ್ರೇಮಿನಲ್ಲಿ ಕಣ್ಣು ಹೋಗೋದು ಅಲ್ಲಿಗೇ. ಅಣ್ಣನೂ ಬೇಡ, ಅಮ್ಮನೂ ಬೇಡ, ನೆಲ ನೋಡ್ತಾ ಕೂರಬೇಕು. ಬಿಸಿಲು ಮೆತ್ತಗೆ ಮಾಡುವ ಬಟ್ಟೆ, ಸ್ಕಿಮ್ಮರ್, ಅದರ ಬಾಡಿಗೆ ಕೇಳಿ ಸುಮ್ಮನಾದೆ. ಬಿಳಿ ಪಂಚೆಗಳನ್ನು ಜೋಡಿಸಿ ಹೊಲಿಸಿ ತೊಟ್ಟಿಯ ಮೇಲೆ ಕಟ್ಟಿಸಿದೆ. ನೆಲ ತಣ್ಣಗಾಯಿತು. ಅಡುಗೆಮನೆ ಒಳಗಿನಿಂದ ಸಣ್ಣ ದೀಪ ಕೊಟ್ಟ ಮೇಲೆ ಬಾಗಿಲು ತಾನಾಗಿಯೇ ಅಮ್ಮನಿಗೆ ಚೌಕಟ್ಟಾಯಿತು.

ಸೀರೆಗೂ ಪರದಾಡಿದೆವು. ಕೆಂಪು ಉಡಿಸಿದರೆ ಮೊದಲ ಸೆಕೆಂಡಿನಿಂದ ಕಣ್ಣು ಅವಳ ಮೇಲೇ, ಅಣ್ಣ ತಮ್ಮನ ಮಾತು ಯಾರಿಗೂ ಕೇಳಿಸಲಿಲ್ಲ. ಬೂದು ಉಡಿಸಿದರೆ ಗೋಡೆಯಲ್ಲಿ ಸೇರಿಹೋದಳು. ಕಡೆಗೆ ಒಗೆದು ಮಾಸಿದ ಸಾಸಿವೆ ಬಣ್ಣ. ಅದನ್ನು ಆ ಮನೆಯವರೇ ಕೊಟ್ಟರು, ದುಡ್ಡಿಲ್ಲದೆ.

ಇಷ್ಟಾದರೂ ಟೆಸ್ಟ್ ತೋರಿಸಿದಾಗ ಬಾಗಿಲು ಖಾಲಿಯಾಗಿದ್ದು ಯಾರಿಗೂ ಕಾಣಲಿಲ್ಲ. ಎಲ್ಲರ ಕಣ್ಣೂ ಪೆನ್ನಿನ ಮೇಲೆ. "ಹೇಳಿರಲಿಲ್ವಾ" ಅಂದ ಎಡಿಟರ್. ಸೌಂಡ್ ಮಾಡುವವನು ಪಾತ್ರೆ ಸದ್ದು ಸೇರಿಸೋಣ ಅಂದ. ಬೇಡ ಅಂದೆ, ಸದ್ದಿನಿಂದ ತೋರಿಸೋದಾದರೆ ಇಷ್ಟು ದೂರ ನಿಲ್ಲಿಸಿದ್ದು ಯಾಕೆ? ಬದಲಿಗೆ ತಮ್ಮನಿಗೆ ಒಂದೇ ಒಂದು ಕೆಲಸ ಕೊಟ್ಟೆ. ಅಣ್ಣ ಪೆನ್ನಿನ ಕ್ಯಾಪ್ ಹಾಕಿದ ಮೇಲೆ ಮೂರು ಎಣಿಸಿ, ಬಾಗಿಲ ಕಡೆ ನೋಡು. ತಲೆ ಅಲ್ಲ, ಕಣ್ಣು ಮಾತ್ರ. ಪಾತ್ರದ ಕಣ್ಣು ಹೋದ ಕಡೆ ನೋಡುವವರ ಕಣ್ಣೂ ಹೋಗುತ್ತದೆ. ಅಷ್ಟೇ ಬೇಕಿತ್ತು. ನಮ್ಮ ಫಿಲಂ ಸೊಸೈಟಿಯಲ್ಲಿ ಐವತ್ತು ಅರವತ್ತು ಜನರ ಮುಂದೆ ಹಾಕಿದಾಗ ಹಿಂದಿನ ಸಾಲಿನ ಅಜ್ಜಿಯೊಬ್ಬರು "ಅಮ್ಮ ಎಲ್ಲಿ ಹೋದ್ಲು?" ಅಂತ ಜೋರಾಗಿಯೇ ಕೇಳಿದರು. ಎಡಿಟರ್ ನನ್ನ ಪಕ್ಕದಲ್ಲೇ ಇದ್ದ, ನಾನೇನೂ ಹೇಳಲಿಲ್ಲ.

ಅಣ್ಣ ಬಾಗಿದಾಗ ಅಮ್ಮನಿಗೆ ಅವನ ತಲೆ ಮಾತ್ರ ಕಾಣುತ್ತದೆ, ಕ್ಯಾಮೆರಾ ಕಾಣೋದಿಲ್ಲ. ಆದರೂ ಸರಿಯಾದ ಕ್ಷಣಕ್ಕೆ, ನೆರಳೂ ಬೀಳದ ಹಾಗೆ ಹೇಗೆ ಹೊರಟಳು ಅಂತ ಬಹಳ ಜನ ಕೇಳಿದ್ದಾರೆ. ಅದು ನನ್ನ ಹತ್ತಿರವೇ ಇರಲಿ, ಮುಂದಿನ ಚಿತ್ರದಲ್ಲೂ ಬೇಕಾಗುತ್ತದೆ.

ಸುಮ್ನೆ ಕುತೂಹಲಕ್ಕೆ ಶಾಟನ್ನು ಎಡಬಲ ತಿರುಗಿಸಿಯೂ ನೋಡಿದೆ. ಸಹಿ ಹಾಕುವವನು ಬಲಕ್ಕೆ ಬಂದರೆ ಯಾಕೋ ಅವನ ಮೇಲೆ ಕನಿಕರ ಬರುತ್ತದೆ. ನನ್ನ ಹೆಂಡತಿಗೆ ಏನೂ ವ್ಯತ್ಯಾಸ ಕಾಣಲಿಲ್ಲವಂತೆ. ಫೋನಿನಲ್ಲಿ ನೋಡಿದರೆ ಅಮ್ಮ ಹೆಬ್ಬೆರಳ ಉಗುರಿನಷ್ಟು. ಅಲ್ಲೂ ಕೆಲಸ ಮಾಡಿತು, ಆದರೆ ಫೋನ್ ಅಡ್ಡ ಹಿಡಿಯಬೇಕು.

ಮಾಡಿ ನೋಡುವವರು ಮನೆ ಬಾಡಿಗೆಗೆ ಹಿಡಿಯುವ ಮೊದಲು ಟೆರೇಸಿನ ಮೇಲೆ ಅಳತೆಗೆ ಕುರ್ಚಿಗಳನ್ನಿಟ್ಟು ಫೋನಿನಲ್ಲೇ ಬ್ಲಾಕಿಂಗ್ (ಯಾರು ಎಲ್ಲಿ ಕೂರಬೇಕು, ಯಾವಾಗ ಅಲುಗಬೇಕು ಅನ್ನೋದು) ಮುಗಿಸಿ. ಕ್ಯಾಮೆರಾ ಎರಡು ಇಂಚು ಪಕ್ಕಕ್ಕೆ ಸರಿದರೂ ಬಾಗಿಲನ್ನು ಅಣ್ಣನ ತಲೆ ಮುಚ್ಚೋದಿಲ್ಲ, ಹಾಗಾಗಿ ಟ್ರೈಪಾಡಿನ ಮೂರೂ ಕಾಲಿಗೆ ನೆಲದಲ್ಲಿ ಟೇಪ್ ಹಾಕಿ. ಊಟದ ಬಿಡುವಿನಲ್ಲಿ ಯಾರಾದರೂ ಕಸ ಗುಡಿಸಲು ಬರುತ್ತಾರೆ, ಅವರಿಗೂ ಮೊದಲೇ ಹೇಳಿಡಿ.