ಎಸೆದದ್ದರ ಲೆಕ್ಕ

ಇಬ್ಬರೇ ಇರುವ ಮನೆಯಲ್ಲಿ ಪುಡಿಯಿಂದ ಹಿಡಿದು ಹಿಟ್ಟಿನವರೆಗೆ ಎಲ್ಲವನ್ನೂ ಕೈಯಿಂದಲೇ ಮಾಡಿಕೊಂಡರೆ ಖರ್ಚು ಹೆಚ್ಚೇ ಹೊರತು ಕಡಿಮೆಯಾಗದು, ಮೆಸ್ಸಿನಿಂದ ಕ್ಯಾರಿಯರ್ ತರಿಸುವುದೇ ಲಾಭ ಎಂದು ನಮ್ಮ ಅತ್ತಿಗೆ ಎರಡು ವರ್ಷ ವಾದಿಸಿದರು. ಆಗಿನ ಮಟ್ಟಿಗೆ ಅವರ ಮಾತು ಸುಳ್ಳಾಗಿರಲಿಲ್ಲ. ಮಕ್ಕಳು ಊರು ಬಿಟ್ಟ ಮೇಲೂ ನಾವು ಐದಾರು ಜನರ ಅಂದಾಜಿನಲ್ಲಿಯೇ ದಿನಸಿ ತರುತ್ತಿದ್ದೆವು. ಹಾಲು, ಗ್ಯಾಸ್ ಸೇರಿ ತಿಂಗಳಿಗೆ ಸುಮಾರು 8,500 ರೂಪಾಯಿ ಹೋಗುತ್ತಿತ್ತು. ಈಗ ಹದಿನಾಲ್ಕು ತಿಂಗಳಿಂದ ಅದು 5,600ರ ಆಸುಪಾಸಿನಲ್ಲಿ ನಿಂತಿದೆ. ಕಳೆದ ತಿಂಗಳು ಅತ್ತಿಗೆಯೇ ನನ್ನ ನೋಟ್‌ಪುಸ್ತಕವನ್ನು ಕೇಳಿ ತೆಗೆದುಕೊಂಡು ಹೋಗಿದ್ದಾರೆ, ಇನ್ನೂ ಹಿಂದಿರುಗಿಸಿಲ್ಲ. ಹಾಗಾಗಿ ಇಲ್ಲಿನ ಅಂಕಿಗಳೆಲ್ಲ ನೆನಪಿನಿಂದ ಬರೆದವು.

ಮೊದಲ ಪ್ರಯತ್ನ ಎಲ್ಲರೂ ಮಾಡುವಂಥದ್ದೇ, ಅಂದರೆ ಸಗಟು ಖರೀದಿ. ಕೆಜಿಗೆ ಆರು ರೂಪಾಯಿ ಉಳಿಯುತ್ತದೆಂದು ಜೂನ್ ಮೊದಲ ವಾರದಲ್ಲಿ 25 ಕೆಜಿ ಅಕ್ಕಿಯ ಮೂಟೆಯನ್ನೂ ಹತ್ತು ಕೆಜಿ ತೊಗರಿಬೇಳೆಯನ್ನೂ ಶಿವಮೊಗ್ಗದಿಂದ ತಂದೆ. ನಮ್ಮ ಮನೆ ಇರುವುದು ತೀರ್ಥಹಳ್ಳಿಯ ಪಕ್ಕದಲ್ಲಿ, ಮಳೆ ಹಿಡಿದರೆ ಬೆಂಕಿಪೊಟ್ಟಣವೂ ತಣ್ಣಗಾಗುವ ಜಾಗದಲ್ಲಿ. ನಮ್ಮಿಬ್ಬರಿಗೆ ತಿಂಗಳಿಗೆ ಎಂಟು ಕೆಜಿ ಅಕ್ಕಿ ಸಾಕು, ಆದ್ದರಿಂದ ಆಗಸ್ಟಿನ ಹೊತ್ತಿಗೆ ಮೂಟೆಯ ತಳದ ಅಕ್ಕಿ ಮುಗ್ಗಲು ವಾಸನೆ ಹೊಡೆಯಿತು, ಬೇಳೆಗೆ ಹುಳ ಬಿತ್ತು. ಅದೇ ಮಳೆಗಾಲದಲ್ಲಿ ಒಟ್ಟಿಗೇ ಮಾಡಿಟ್ಟಿದ್ದ ಒಂದು ಕೆಜಿ ಸಾರಿನ ಪುಡಿಗೂ ಬೂಷ್ಟು ಹಿಡಿಯಿತು. ಫ್ರಿಜ್ಜನ್ನು ನಂಬೋಣವೆಂದರೆ ತಂತಿಯ ಮೇಲೆ ಮರ ಬಿದ್ದು ಎರಡೆರಡು ದಿನ ಕರೆಂಟ್ ಇರುತ್ತಿರಲಿಲ್ಲ. ಉಳಿಸಿದ್ದು ಇನ್ನೂರು ಚಿಲ್ಲರೆ, ತಿಪ್ಪೆಗೆ ಹೋದದ್ದು ಸಾವಿರದ ಮೇಲೆ.

ಆಗ ತಂದದ್ದರ ಲೆಕ್ಕವನ್ನು ಬಿಟ್ಟು ಎಸೆದದ್ದರ ಲೆಕ್ಕ ಬರೆಯಲು ತೊಡಗಿದೆ. ಬಚ್ಚಲ ಪಕ್ಕ ಒಂದು ಬಕೆಟ್ ಇಟ್ಟು, ತಿಪ್ಪೆಗೆ ಸುರಿಯುವ ಮುನ್ನ ಏನೇನಿದೆ, ಅದರ ಬೆಲೆ ಅಂದಾಜು ಎಷ್ಟು ಎಂದು ಒಂದು ಸಾಲು ಬರೆಯುವುದು, ಅಷ್ಟೇ. ಮೊದಲು ನಕ್ಕವಳು ನನ್ನ ಹೆಂಡತಿ. ಮೊದಲ ತಿಂಗಳ ಮೊತ್ತ 1,100 ದಾಟಿದಾಗ ಇಬ್ಬರೂ ಸುಮ್ಮನಾದೆವು. ಅದರಲ್ಲಿ ಅರ್ಧಕ್ಕರ್ಧ ತರಕಾರಿಯದು, ಅದೂ ಸಂತೆಯಲ್ಲಿ ಸಂಜೆ ಹೊತ್ತು ಗುಡ್ಡೆ ಲೆಕ್ಕದಲ್ಲಿ ಅಗ್ಗವಾಗಿ ತಂದದ್ದು. ಅಂದಿನಿಂದ ಬೆಳಗ್ಗೆಯೇ ಹೋಗಿ ಕಾಲು ಕೆಜಿ ಲೆಕ್ಕದಲ್ಲಿ, ಹೆಚ್ಚು ಬೆಲೆ ಕೊಟ್ಟೇ ತರುತ್ತೇನೆ. "ಕಾಲು ಕೆಜಿ ಬೀನ್ಸಾ ಸಾರ್? ಅರ್ಧ ಹಾಕ್ತೀನಿ ತಗೊಳ್ಳಿ" ಎಂದು ತರಕಾರಿಯಾಕೆ ಆರು ವಾರ ಮುಖ ಸಿಂಡರಿಸಿದಳು, ಈಗ ಕೇಳದೆಯೇ ಕಾಲು ಕೆಜಿ ಬಟ್ಟನ್ನು ತಕ್ಕಡಿಗೆ ಇಡುತ್ತಾಳೆ.

ಹಾಗೆಂದು ಎಲ್ಲವನ್ನೂ ಚೂರುಚೂರಾಗಿ ತರುವುದಿಲ್ಲ. ಯುಗಾದಿಯಿಂದ ಮೇ ಮೊದಲ ವಾರದವರೆಗೆ ನಮಗೆ ಬಿಸಿಲಿದೆ, ಹೊಸ ಹುಣಸೆಹಣ್ಣೂ ಒಣಮೆಣಸಿನಕಾಯಿಯೂ ಮಾರುಕಟ್ಟೆಗೆ ಬಂದಿರುತ್ತವೆ. ಅವೆರಡು, ಕೊತ್ತಂಬರಿ, ಹುರುಳಿ, ಇಷ್ಟನ್ನು ಮಾತ್ರ ವರ್ಷಕ್ಕಾಗುವಷ್ಟು ಕೊಂಡು, ಮೂರು ಬಿಸಿಲು ಗಟ್ಟಿಯಾಗಿ ಕಾಣಿಸಿ, ಆರಿದ ಮೇಲೆ ಡಬ್ಬಿಗೆ ತುಂಬುತ್ತೇನೆ. ತೊಗರಿಬೇಳೆ ಈಗ ಎರಡೇ ಕೆಜಿ. ಕೆಜಿಗೆ ಒಂದು ಚಮಚ ಹರಳೆಣ್ಣೆ ಸವರಿಡುತ್ತೇನೆ. ಅಕ್ಕಿ ಡಬ್ಬಿಗೆ ಒಣಗಿದ ಲಕ್ಕಿ ಸೊಪ್ಪು ಹಾಕುವುದು ಎಲ್ಲರಿಗೂ ಗೊತ್ತಿದೆ; ಅದರ ಜೊತೆಗೆ ನಾನು ಹಾಕುವ ಇನ್ನೊಂದು ವಸ್ತುವನ್ನು ಮಾತ್ರ ಅತ್ತಿಗೆಗೂ ಹೇಳಿಲ್ಲ.

ಇಬ್ಬರ ಅಡುಗೆಯಲ್ಲಿ ನಿಜವಾದ ತೊಡಕು ಅರ್ಧ ಉಳಿಯುವ ಪದಾರ್ಥಗಳದು. ತೆಂಗಿನಕಾಯಿ ಒಡೆದರೆ ಕಣ್ಣಿರುವ ಹೋಳನ್ನು ಮೊದಲು ಮುಗಿಸಬೇಕು, ಬೇಗ ಕೆಡುವುದು ಅದೇ. ಒಂದೂವರೆ ಕೆಜಿಯ ಬಣ್ಣದ ಸೌತೆಯೊಂದು ನಮಗೆ ಮೂರು ದಿನ ಬರುತ್ತದೆ: ಮೊದಲ ದಿನ ಅರ್ಧ ಕಾಯಿಯ ಹುಳಿ, ಅಂದೇ ರಾತ್ರಿ ಸಿಪ್ಪೆಯ ಚಟ್ನಿ, ಮರುದಿನ ಬೆಳಗ್ಗೆ ತಿರುಳನ್ನು ನೆನೆದ ಅಕ್ಕಿಯೊಡನೆ ರುಬ್ಬಿದ ದೋಸೆ (ಹುದುಗುವ ಕೆಲಸವೇ ಇಲ್ಲ), ಮೂರನೆಯ ದಿನ ಉಳಿದ ಹೋಳಿನ ಸಾಸಿವೆ (ಸಾಸಿವೆ ಅರೆದು ಹಾಕಿದ ಮೊಸರುಗೊಜ್ಜು). ಬಕೆಟ್ಟಿಗೆ ಬೀಳುವುದು ತೊಟ್ಟು ಮಾತ್ರ. ಇಡೀ ಕಾಯಿಗಳನ್ನು ಬಾಳೆನಾರಿನಲ್ಲಿ ಕಟ್ಟಿ ಅಟ್ಟದ ಜಂತಿಗೆ ತೂಗುಹಾಕಿದರೆ ತಿಂಗಳುಗಟ್ಟಲೆ ಇರುತ್ತವೆ, ಕರೆಂಟ್ ಬೇಡ. ಬೇಳೆ ತುಟ್ಟಿಯಾದ ವಾರಗಳಲ್ಲಿ ಹಿತ್ತಲ ಒಂದೆಲಗದ ತಂಬುಳಿಯೂ ಹುರುಳಿ ಸಾರೂ ನಮ್ಮನ್ನು ಕಾದಿವೆ. ಬೇಳೆ, ಅನ್ನ, ಹೋಳುಗಳನ್ನು ಒಂದೇ ಕುಕ್ಕರಿನಲ್ಲಿ ಏರಿಸತೊಡಗಿದ ಮೇಲೆ 14.2 ಕೆಜಿಯ ಸಿಲಿಂಡರು ನಲವತ್ತು ದಿನದ ಬದಲು ಅರವತ್ತು ದಿನ ದಾಟುತ್ತಿದೆ. ಅಂಗಡಿಯ ಪುಡಿಗಳು, ಬೇಕರಿ, ವಾರಕ್ಕೆರಡು ಬಾರಿಯ ಹೋಟೆಲ್ ತಿಂಡಿ ನಿಂತದ್ದರಿಂದ ಮತ್ತೊಂದು ಸಾವಿರವಾದರೂ ಉಳಿದಿರಬೇಕು.

ಈ ನಡುವೆ ಉಪ್ಪುಸೊಳೆಯ, ಅಂದರೆ ಹಲಸಿನಕಾಯಿಯ ತೊಳೆಯನ್ನು ಉಪ್ಪಿನಲ್ಲಿ ಹಾಕಿಡುವ ಹುಚ್ಚು ಹಿಡಿಯಿತು. ನೆರೆಯವರು ಎರಡು ಬಲಿತ ಹಲಸಿನಕಾಯಿ ಬಿಟ್ಟಿಯಾಗಿ ಕೊಟ್ಟಿದ್ದರು. ಆರೋಗ್ಯದ ನೆಪದಲ್ಲಿ ಉಪ್ಪು ಕಡಿಮೆ ಮಾಡಿದೆ; ಇಪ್ಪತ್ತು ದಿನಕ್ಕೆ ಭರಣಿಯ ಮುಚ್ಚಳ ತೆಗೆದರೆ ಸೊಳೆಯೆಲ್ಲ ಲೋಳೆಯಾಗಿ, ಮನೆಯೊಳಗೆ ನಿಲ್ಲಲಾಗದ ನಾತ. ಏಳೆಂಟು ಕೆಜಿ ತಿಪ್ಪೆಗೆ ಸುರಿದೆ. ಆ ದಿನ ಪುಸ್ತಕದಲ್ಲಿ ಬೆಲೆಯ ಜಾಗದಲ್ಲಿ ಸೊನ್ನೆ ಬರೆದದ್ದನ್ನು ಹೆಂಡತಿ ಹೊಡೆದುಹಾಕಿ, ಉಪ್ಪಿನ ದುಡ್ಡನ್ನೂ ಸೊಳೆ ಬಿಡಿಸಿದ ತನ್ನ ಅರ್ಧ ದಿನದ ಕೂಲಿಯನ್ನೂ ಸೇರಿಸಿ 350 ಎಂದು ತಿದ್ದಿದಳು. ಈ ವರ್ಷ ಉಪ್ಪಿನ ಅಳತೆ ಅವಳದು. ಸೊಳೆಯ ಮೇಲೆ ಕಲ್ಲು ಹೇರಿ, ಬಾಯಿಗೆ ಬಟ್ಟೆ ಕಟ್ಟಿಟ್ಟ ಭರಣಿಯನ್ನು ಜುಲೈನಲ್ಲಿ ತೆರೆದೆವು. ಸೊಳೆ ಗಟ್ಟಿಯಾಗಿಯೇ ಇತ್ತು, ರಾತ್ರಿಯಿಡೀ ನೀರಿನಲ್ಲಿ ನೆನೆಸಿ ಉಪ್ಪು ಬಿಡಿಸಿ ಮಾಡಿದ ಪಲ್ಯವನ್ನು ಅತ್ತಿಗೆ ಎರಡು ಸಲ ಬಡಿಸಿಕೊಂಡರು. ಅಳತೆ ಎಷ್ಟೆಂದು ಅವರು ಕೇಳಿದಾಗ ಹೆಂಡತಿ ನನ್ನ ಕಡೆ ನೋಡಿದಳು. ನನಗೂ ಅವಳು ಅದನ್ನು ಹೇಳಿಲ್ಲ.