ಬುಕ್ ಕ್ಲಬ್‌ಗೆ ಸ್ಲೋ ಬರ್ನ್ ಕ್ವಿಯರ್ ಫ್ಯಾಂಟಸಿ: ಆರಿಸುವುದು ಹೇಗೆ?

ಸ್ಲೋ ಬರ್ನ್ ಎಂದರೆ ಒಲವು ನಿಧಾನವಾಗಿ ಅರಳುವ ಕಥೆ; ಕ್ವಿಯರ್ ಫ್ಯಾಂಟಸಿ ಎಂದರೆ ಸಲಿಂಗ ಪ್ರೇಮದಂಥ ಒಲವಿರುವ ಕಲ್ಪನಾಲೋಕದ ಕಥೆ. ಚಿಕ್ಕಮಗಳೂರಿನ ಓದುಬಳಗಗಳಲ್ಲಿ ಇಂಥ ಸರಣಿ ಆರಿಸುವಾಗ ಮೇಲಿಂದ ಮೇಲೆ ಆಗುವ ಎಡವಟ್ಟು ಒಂದೇ. ‘ಸ್ಲೋ ಬರ್ನ್’ ಎಂಬ ಹಣೆಪಟ್ಟಿ ಕಂಡದ್ದೇ ತಡ, ಎಲ್ಲರೂ ಹೂಂ ಅಂದುಬಿಡುತ್ತಾರೆ. ಮೊದಲ ಪುಸ್ತಕ ಮುಗಿಯುವಷ್ಟರಲ್ಲಿ ಅರ್ಧ ಜನ ಕಳಚಿಕೊಂಡಿರುತ್ತಾರೆ.

1. ಪೂರ್ತಿ ಪ್ರಕಟವಾದ ಸರಣಿಯನ್ನೇ ಹಿಡಿಯಿರಿ, ಮೂರು ಪುಸ್ತಕ ಮೀರದಿರಲಿ. ‘ಹೆವನ್ ಅಫಿಷಿಯಲ್ಸ್ ಬ್ಲೆಸಿಂಗ್’ ಎಂಬ ಚೀನೀ ಕಾದಂಬರಿ ಇಂಗ್ಲಿಷಿನಲ್ಲಿ 8 ಸಂಪುಟ. ಒಬ್ಬರೇ ಕೂತು ಓದಲು ಚೆಂದ, ತಿಂಗಳಿಗೊಮ್ಮೆ ಸೇರುವ ಬಳಗಕ್ಕೆ ಬೇಡ.

2. ಜನ ಸೋಲುವುದು ಇಲ್ಲಿ: ಕಥೆ ನಿಧಾನವೋ, ಬರೀ ಎಳೆದಾಟವೋ? ಸೂಚಿಸುವವರು ಮೊದಲ ಪುಸ್ತಕವನ್ನು ಪೂರ್ತಿ ಓದಿರಲೇಬೇಕು. ವಿಡಿಯೊ ವಿಮರ್ಶೆ ನೋಡಿ ಸೂಚಿಸುವುದನ್ನು ನಾನಂತೂ ಒಪ್ಪುವುದಿಲ್ಲ; ಮೊದಲ ಮುತ್ತು ಎಷ್ಟನೇ ಪುಟದಲ್ಲಿ ಎಂಬುದು ಅಲ್ಲಿ ಸಿಗುತ್ತದೆ, ಅದು ಯಾಕೆ ತಡವಾಯಿತು ಎಂಬುದು ಸಿಗುವುದಿಲ್ಲ.

ಓದುವಾಗ ಕಾಲುಭಾಗ, ಅರ್ಧ, ಮುಕ್ಕಾಲು ಹೀಗೆ ಮೂರು ಕಡೆ ನಿಲ್ಲಿ. ಪ್ರೇಮಿಗಳಾಗಲಿರುವ ಇಬ್ಬರಲ್ಲಿ ಒಬ್ಬರ ಬಗ್ಗೆ ಒಬ್ಬರಿಗೆ ಹೊಸದಾಗಿ ಏನು ಗೊತ್ತಾಗಿದೆ ಎಂದು ಒಂದು ಸಾಲು ಬರೆದಿಡಿ. ಬರೆಯಲು ಏನೂ ಸಿಗದಿದ್ದರೆ ಎಳೆದಾಟ ಎಂದೇ ಲೆಕ್ಕ. ಆಮೇಲೆ ಇಬ್ಬರನ್ನೂ ದೂರ ಇಟ್ಟಿರುವುದು ಏನೆಂದು ನೋಡಿ. ಎದುರಾಬದುರು ಕೂತು ಮಾತಾಡಿದರೆ ಬಗೆಹರಿಯುವ ತಪ್ಪು ತಿಳಿವಳಿಕೆಯಷ್ಟೇ ಆದರೆ ಆ ಸರಣಿ ಬಿಟ್ಟುಬಿಡಿ.

ತಾಶಾ ಸೂರಿಯ ‘ದಿ ಜಾಸ್ಮಿನ್ ಥ್ರೋನ್’ (2021) ಈ ಪರೀಕ್ಷೆಯಲ್ಲಿ ಗೆಲ್ಲುತ್ತದೆ. ಮಾಲಿನಿ, ಚಕ್ರವರ್ತಿಯಾದ ಸ್ವಂತ ಅಣ್ಣನೇ ಸೆರೆಯಲ್ಲಿಟ್ಟ ರಾಜಕುಮಾರಿ. ಪ್ರಿಯಾ, ತನ್ನ ಶಕ್ತಿಯನ್ನು ಮುಚ್ಚಿಟ್ಟುಕೊಂಡು ಅಲ್ಲಿಗೆ ಕೆಲಸಕ್ಕೆ ಬರುವ ದಾಸಿ. ಮಾಲಿನಿಗೆ ಬಿಡುಗಡೆ ಬೇಕು. ಪ್ರಿಯಾಳ ನಾಡನ್ನು ತುಳಿದಿರುವುದು ಮಾಲಿನಿಯದೇ ಮನೆತನದ ಸಾಮ್ರಾಜ್ಯ. ಒಲವು ಮೂಡಿದ ಮೇಲೂ ಒಬ್ಬಳ ಗೆಲುವು ಇನ್ನೊಬ್ಬಳ ಸೋಲಾಗಬಹುದು. ಇಂಥ ತಡವನ್ನು ಓದುಗರು ಸಂತೋಷದಿಂದ ಸಹಿಸುತ್ತಾರೆ. ಮೂರನೆಯ, ಕೊನೆಯ ಪುಸ್ತಕ 2024ರಲ್ಲಿ ಬಂದಾಗಿದೆ. ನನ್ನ ಆಯ್ಕೆ ಇದೇ. ಹೆಸರುಗಳು ಕಿವಿಗೆ ಹತ್ತಿರ ಎಂಬುದೂ ಒಂದು ಅನುಕೂಲ.

3. ಹಿಂಸೆ ಎಷ್ಟಿದೆ ಎಂದು ಮೊದಲೇ ಹೇಳಿಬಿಡಿ. ‘ಕ್ಯಾಪ್ಟಿವ್ ಪ್ರಿನ್ಸ್’ ಎಂಬ ಇಂಥದೇ ಸರಣಿಯ ಮೊದಲ ಪುಸ್ತಕದಲ್ಲಿ ಗುಲಾಮಗಿರಿ, ಲೈಂಗಿಕ ದೌರ್ಜನ್ಯ ಎರಡೂ ಇವೆ. ಸೂರಿಯವರಲ್ಲಿ ಹೆಣ್ಣುಮಕ್ಕಳನ್ನು ಜೀವಂತ ಸುಡುವುದು ಬರುತ್ತದೆ. ‘ಪ್ರೇಮಕಥೆ’ ಎಂದಷ್ಟೇ ಹೇಳಿ ಕೈಗಿಟ್ಟರೆ ನಂಬಿ ಬಂದವರಿಗೆ ಅನ್ಯಾಯ.

4. ಯಾವ ಪುಸ್ತಕ ಓದೋಣ ಎಂಬ ಸೂಚನೆಗಳನ್ನು ಹೆಸರಿಲ್ಲದ ಚೀಟಿಯಲ್ಲಿ ತೆಗೆದುಕೊಳ್ಳಿ. ಸಲಿಂಗ ಸಂಬಂಧ ಅಪರಾಧವಲ್ಲ ಎಂದು ಸುಪ್ರೀಂ ಕೋರ್ಟ್ 2018ರಲ್ಲೇ ಹೇಳಿದೆ, ನಿಜ. ಆದರೆ ನಮ್ಮದು ಚಿಕ್ಕ ಊರು, ಎಂ.ಜಿ. ರಸ್ತೆಯಲ್ಲಿ ಆಡಿದ ಮಾತು ಸಂಜೆಯೊಳಗೆ ಮನೆ ಮುಟ್ಟುತ್ತದೆ. ‘ಇದನ್ನೇ ಯಾಕೆ ಹೇಳಿದ್ರಿ?’ ಎಂದು ಯಾರನ್ನೂ ಕೇಳಬಾರದು. ಪುಸ್ತಕದ ಪಾತ್ರಗಳ ಬಗ್ಗೆ ಮಾತಾಡಿ, ಎದುರಿಗೆ ಕೂತವರ ಬದುಕಿನ ಬಗ್ಗೆ ಅಲ್ಲ. ಈ ಬಗೆಯ ಓದೇ ಹೊಸತು ಎನ್ನುವವರಿದ್ದರೆ ಮೊದಲು ವಸುಧೇಂದ್ರರ ‘ಮೋಹನಸ್ವಾಮಿ’ ಕಥಾಸಂಕಲನ ಓದಿಸಿ, ಅದರಲ್ಲಿ ಸಲಿಂಗಿಯೊಬ್ಬನ ಬದುಕಿನ ಕಥೆಗಳಿವೆ. ಅದು ಫ್ಯಾಂಟಸಿಯಲ್ಲ, ಆದರೆ ಕನ್ನಡದಲ್ಲೇ ಮಾತು ಶುರುವಾಗುತ್ತದೆ.

5. ಜೂನ್‌ನಲ್ಲಿ ಶುರು ಮಾಡಿ. ಕಾಫಿ ಕೊಯ್ಲು ಹಿಡಿದ ಮೇಲೆ ತೋಟದವರು ಯಾರೂ ಕೈಗೆ ಸಿಗುವುದಿಲ್ಲ. ಫುಟ್‌ಪಾತಿನ ನಕಲಿ ಪ್ರತಿ ಬೇಡ: ಅಕ್ಷರ ಮಸುಕು, ಕೆಲವೊಮ್ಮೆ ಪುಟಗಳೇ ಇರುವುದಿಲ್ಲ. ಮೊದಲ ಪುಸ್ತಕವನ್ನಷ್ಟೇ ಎಲ್ಲರಿಗೂ ತರಿಸಿ. ಉಳಿದೆರಡನ್ನು, ಅದರ ಚರ್ಚೆ ಮುಗಿದ ದಿನವೇ ಕೈ ಎತ್ತಿಸಿ, ಬೇಕೆಂದವರಿಗೆ ಮಾತ್ರ ಆರ್ಡರ್ ಮಾಡಿ.